ಹದಿನಾರು ವರ್ಷ ಹಾಕದ ರಜೆ

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಜಿಲ್ಲಾ ವಿದ್ಯಾಧಿಕಾರಿ ಮಹಾಲಿಂಗಯ್ಯನವರೇ, ಇಂದು ಬೀಳ್ಕೊಡುಗೆ ಪಡೆಯುತ್ತಿರುವ ಸಹೋದ್ಯೋಗಿ ಅಡವಯ್ಯನವರೇ, ಮಧುಗಿರಿ, ಕೊರಟಗೆರೆಗಳಿಂದ ಬಿಸಿಲಲ್ಲಿ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಈ ಶಾಲೆಯ ಹೆಡ್‌ಮಾಸ್ಟರಾಗಿ ಅಡವಯ್ಯನವರನ್ನು ಹೊಗಳುವುದು ನನ್ನ ಕರ್ತವ್ಯ. ಹೊಗಳಿಕೆಯ ಕಾಗದ ಜೇಬಿನಲ್ಲಿದೆ. ಆದರೆ ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಎರಡು ಇಂಗ್ಲಿಷ್ ಪದಗಳು ಕೂತುಬಿಟ್ಟಿವೆ. ಕಂಟಿನ್ಯುಯಲ್, ಕಂಟಿನ್ಯುಯಸ್. ಕೇಳುವುದಕ್ಕೆ ಅಣ್ಣತಮ್ಮಂದಿರ ಹಾಗಿವೆ. ಆ ದೇಶದವರಿಗೆ ಎರಡೆರಡು ಯಾಕೆ ಬೇಕಾಯಿತೋ!

ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಇಲ್ಲಿ ಹೆಡ್‌ಮಾಸ್ಟರ ಜಾಗ ಖಾಲಿಯಾಯಿತು. ಹಕ್ಕುದಾರರು ಇಬ್ಬರು, ಅಡವಯ್ಯನವರು ಮತ್ತು ನಾನು. ಅವರು ನನಗಿಂತ ಮೂರು ವರ್ಷ ಹಿರಿಯರು. ಅಧ್ಯಕ್ಷರೇ, ಆಗ ಇನ್‌ಸ್ಪೆಕ್ಟರಾಗಿ ತನಿಖೆಗೆ ಬಂದವರು ತಾವೇ. ನಮ್ಮಿಬ್ಬರನ್ನೂ ಮಕ್ಕಳ ಮುಂದೆ ನಿಲ್ಲಿಸಿ ಕೇಳಿದಿರಿ, ಈ ಎರಡು ಪದಗಳಿಗೆ ವ್ಯತ್ಯಾಸವೇನು?

ಅಡವಯ್ಯನವರು ಟೋಪಿ ಸರಿಮಾಡಿಕೊಂಡು, "ಗೊತ್ತಿಲ್ಲ ಸ್ವಾಮಿ. ನೋಡ್ಕಂಡ್ ಬಂದು ಹೇಳ್ತೀನಿ" ಎಂದರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ನನಗೆ ಗೊತ್ತಿತ್ತೇ? ಇರಲಿಲ್ಲ. ಆದರೆ ಎದೆಯುಬ್ಬಿಸಿ ಹೇಳಿದೆ. ಕಂಟಿನ್ಯುಯಲ್ ಎಂದರೆ ಎಂದೂ ನಿಲ್ಲದ್ದು, ಕಂಟಿನ್ಯುಯಸ್ ಎಂದರೆ ನಿಂತು ನಿಂತು ನಡೆಯುವುದು ಎಂದು. ತಾವು "ವೆರಿ ಗುಡ್" ಎಂದಿರಿ. ತಮಗೂ ಗೊತ್ತಿರಲಿಲ್ಲ ಎಂದು ಈ ತುಂಬಿದ ಸಭೆಯಲ್ಲಿ ನಾನು ಹೇಳುವುದಿಲ್ಲ.

ಆ ಭಾನುವಾರ ಅಡವಯ್ಯನವರು ಕೊರಟಗೆರೆಗೆ ನಡೆದು ಹೋದರು. ಅಲ್ಲಿನ ವಕೀಲರ ಮನೆಯಲ್ಲಿ ದಪ್ಪ ನಿಘಂಟು ಒಂದಿತ್ತು. ಸೋಮವಾರ ಜಗಲಿಯ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಮುಖದಲ್ಲಿ ಏನು ಖುಷಿ!

"ರೇಣುಕಯ್ನೋರೆ, ಬಲೇ ತಮಾಷೆ ಕಣ್ರೀ! ನಮ್ ಕಪಿಲೆ ಬಾವಿ ಐತಲ್ಲ, ಅದು ಕಂಟಿನ್ಯುಯಲ್ಲು. ಎತ್ತು ಮುಂದಕ್ ಹೋದ್ರೆ ನೀರು ಬೀಳ್ತದೆ, ಹಿಂದಕ್ ಬಂದ್ರೆ ನಿಂತ್ ಬುಡ್ತದೆ, ಮತ್ತೆ ಬೀಳ್ತದೆ. ಹಳ್ಳದ್ ಮರಳಲ್ಲಿ ತೋಡಿದ್ ತಲಪರಿಗೆ ಊಟೆ ಅಂಗಲ್ಲ, ಹಗ್ಲೂ ರಾತ್ರಿ ಒಂದೇ ಸಮ ಹರೀತದೆ. ಅದು ಕಂಟಿನ್ಯುಯಸ್ಸು. ಹೆಂಗೆ?"

ನಾನು ಹೇಳಿದ್ದು ಪೂರ್ತಿ ತಿರುಗುಮುರುಗಾಗಿತ್ತು. ಅದು ಇಬ್ಬರಿಗೂ ತಿಳಿಯಿತು. ಅವರು ನನ್ನ ಮುಖ ನೋಡಿ ಮಾತು ನಿಲ್ಲಿಸಿ, ಪಾಠಕ್ಕೆ ಹೊತ್ತಾಯಿತೆಂದು ಹೊರಟುಹೋದರು. ಮುಂದಿನ ವಾರ ಹೆಡ್‌ಮಾಸ್ಟರ ಹುಕುಂ ನನ್ನ ಹೆಸರಿಗೆ ಬಂತು. ನಾನು ತಮಗೆ ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ಅಡವಯ್ಯನವರು ಈ ವಿಷಯ ಇವತ್ತಿನವರೆಗೆ ಯಾರ ಹತ್ತಿರವೂ ಎತ್ತಿಲ್ಲ. ಒಂದು ದಿನ ಜಗಳವಾಡಿದ್ದರೂ ನನ್ನ ಎದೆ ಹಗುರಾಗುತ್ತಿತ್ತು.

ಸಭಿಕರೇ, ನಾನು ಹದಿನಾರು ವರ್ಷದಲ್ಲಿ ಒಂದು ದಿನವೂ ರಜೆ ಹಾಕಲಿಲ್ಲವೆಂದು ಸ್ವಾಗತ ಭಾಷಣದಲ್ಲಿ ಹೊಗಳಿದರು. ಚಳಿಜ್ವರದಲ್ಲೂ ಕಂಬಳಿ ಹೊದ್ದು ಬಂದು ಕೂತದ್ದು ನಿಜ. ಯಾಕೆ ಗೊತ್ತೇ? ಹೆಡ್‌ಮಾಸ್ಟರು ರಜೆ ಹಾಕಿದರೆ ಹಿರಿಯ ಮೇಷ್ಟ್ರು ಇನ್‌ಚಾರ್ಜ್ ಆಗುತ್ತಾರೆ. ಅಡವಯ್ಯನವರು ಒಂದು ದಿನ ಆ ಕುರ್ಚಿಯಲ್ಲಿ ಕೂತರೆ, ಅದು ಯಾರದೆಂದು ಮಕ್ಕಳಿಗೂ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ನಿಷ್ಠೆಯೂ ಅಲ್ಲ, ಮಣ್ಣೂ ಅಲ್ಲ.

ನಾಳೆ ಅವರ ಕೊನೆಯ ದಿನ. ಹೊಗಳಿಕೆಯ ಕಾಗದದ ಜೊತೆಗೆ ನನ್ನ ಜೇಬಿನಲ್ಲಿ ಇನ್ನೊಂದು ಕಾಗದವಿದೆ. ನಾಳೆಗೆ ನನ್ನ ರಜೆ ಅರ್ಜಿ. ಕಾರಣವೆಂಬ ಕಡೆ ಜ್ವರ ಎಂದು ಬರೆದಿಲ್ಲ, ಈಗ ಹೇಳಿದ್ದನ್ನೇ ಬರೆದಿದ್ದೇನೆ. ಅಡವಯ್ಯನವರೇ, ಬೇಡವೆಂದು ತಲೆಯಾಡಿಸಬೇಡಿ. ಒಂದೇ ದಿನ, ತೀರಾ ಕಡಿಮೆ, ನನಗೆ ಗೊತ್ತು. ಕೊಡುವುದಕ್ಕೆ ನನ್ನ ಕೈಯಲ್ಲಿ ಉಳಿದಿರುವುದು ಅಷ್ಟೇ.

ಅಧ್ಯಕ್ಷರೇ, ಲೇಖನಿ ತಮ್ಮ ಮುಂದೆಯೇ ಇದೆ. ತಾಳ್ಮೆಯಿಂದ ಕೇಳಿದ ಎಲ್ಲರಿಗೂ ವಂದನೆ. ತಾವು ಸಹಿ ಹಾಕುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.