ಸಾರ ಹಾಕದ ತಟ್ಟೆ

ಚಿಂತಾಮಣಿಯ ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕ ಒಬ್ಬ ಅಜ್ಜಿ, ಅವರ ಮೊಮ್ಮಗಳು ಕೂತಿದ್ದರು. ಸಾದಲಿ ಕಡೆಯ ಆ ಅಜ್ಜಿ ನಲವತ್ತು ವರ್ಷದಿಂದ ಮುರಿದ ಕೈಕಾಲಿಗೆ ಮಂಗರವಳ್ಳಿ ಎಂಬ ಬಳ್ಳಿ ಅರೆದು ಹಚ್ಚಿ, ಬಿದಿರಿನ ದಬ್ಬೆ ಕಟ್ಟುವವರೆಂದು ಮಾತಿನಲ್ಲೇ ತಿಳಿಯಿತು. ಈಗ ಅವರದೇ ಮಣಿಕಟ್ಟು ಊದಿತ್ತು. ಮೊಮ್ಮಗಳು ತನ್ನ ಓದಿನ ಕೆಲಸವನ್ನು ಅವರಿಗೆ ವಿವರಿಸುತ್ತಿದ್ದಳು.

“ಮೂಳೆ ಕಟ್ಟೋ ಜೀವಕೋಶಗಳನ್ನ ಲ್ಯಾಬಲ್ಲಿ ತಟ್ಟೆಗೆ ಹಾಕಿ ಬೆಳೆಸ್ತೀವಿ ಅಜ್ಜಿ. ನಿನ್ನ ಮಂಗರವಳ್ಳಿ ಸಾರ ಹಾಕಿದ್ರೆ ಜಾಸ್ತಿ ಕೆಲಸ ಮಾಡ್ತವೆ.”

“ಎಷ್ಟು ದಿನಕ್ಕೆ?”

“ಇಪ್ಪತ್ತೊಂದು.”

“ಕೈಗಾದ್ರೆ ನಾನೂ ಮೂರು ವಾರಕ್ಕೇ ಕಟ್ಟು ಬಿಚ್ಚೋದು. ಇದಕ್ಕೆ ಅಷ್ಟೊಂದು ಓದ್ಬೇಕಾಗಿತ್ತಾ?”

“ಪಕ್ಕದಲ್ಲಿ ಸಾರ ಹಾಕದ ತಟ್ಟೆನೂ ಇಡ್ಬೇಕು. ಇಲ್ದಿದ್ರೆ ಬಳ್ಳಿಯಿಂದಾನೇ ಆಯ್ತು ಅಂತ ಹೆಂಗೆ ಹೇಳೋದು? ನೀನು ಯಾರಿಗಾದ್ರೂ ಬಳ್ಳಿ ಹಚ್ಚದೆ ಬರೀ ದಬ್ಬೆ ಕಟ್ಟಿದ್ಯಾ?”

“ಬಾಗಿಲಿಗೆ ಬಂದೋರಿಗೆ ಯಾರಾದ್ರೂ ಹಂಗೆ ಮಾಡ್ತಾರೇನಮ್ಮ?”

ಅಜ್ಜಿ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರದತ್ತ ತಿರುಗಿದರು.

“ನಿಮ್ಮ ತಾತಂಗೆ ಮಾತ್ರ. ಕೈ ಮುರ್ಕೊಂಡಾಗ ತುರಿಕೆ ಅಂತ ಒಂದೇ ದಿನಕ್ಕೆ ಹಚ್ಚಿದ್ದೆಲ್ಲ ತೊಳ್ಕೊಂಡ್ಬಿಟ್ರು. ಬರೀ ದಬ್ಬೆ ಕಟ್ಟಿದ್ದೆ.”

“ಆಮೇಲೆ?”

“ಕೂಡ್ಕೊಂತು.”

“ಎಷ್ಟು ದಿನಕ್ಕೆ?”

“ಎಲ್ಲರ ಥರಾನೇ.”

ಮೊಮ್ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಅಷ್ಟರಲ್ಲಿ ಒಳಗಿನಿಂದ ನರ್ಸ್ “ಓಬಳಮ್ಮ” ಎಂದು ಕರೆದರು. ಅಜ್ಜಿ ಎದ್ದು, ಚೆನ್ನಾಗಿದ್ದ ಕೈಯಿಂದ ಆ ಪುಸ್ತಕ ಮುಚ್ಚಿದರು.

“ತಾತನ ವಿಷಯ ಬರೀಬೇಡ ಕಣಮ್ಮ. ಊರಲ್ಲಿ ಇನ್ನೂ ಮೂರು ಜನರ ಕಟ್ಟು ಬಿಚ್ಚೋದಿದೆ.”