ಫಿರಂಗಿಯ ಐದನೇ ಹೆಸರು

ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟು ಬಾವಿ ದಾಟುವಾಗಲೇ ಫಿಟ್ಟರನಿಗೆ ಆ ಸದ್ದು ಕೇಳಿದ್ದು. ಗಡ... ಗಡ... ಗಡ... ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರ ಕಲ್ಲಿನ ಮೇಲೆ ಉರುಳೋ ಸದ್ದು. ನಗಬೇಡಿ. ಇವನು ನಮ್ಮ ದೊಡ್ಡಪ್ಪನ ಮಗ, ಹೊತ್ತು ಹೋಗದೆ ಕತೆ ಕಟ್ಟೋ ಆಸಾಮಿ ಅಲ್ಲ. ಸೈನ್ಯದ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ಫಿರಂಗಿ ರಿಪೇರಿ ಮಾಡಿದವನು. ಯಾವ ಸದ್ದು ಯಾವುದರದ್ದು ಅಂತ ಅವನಿಗೆ ಹೇಳಿಕೊಡಬೇಕಾ?

ಕಾಲು ನಿಂತೇ ಹೋಯಿತು. ಯಾಕಂದ್ರೆ ಆ ವರ್ಕ್‌ಶಾಪಿನಲ್ಲಿ ಮರದ ಚಕ್ರದ ಫಿರಂಗಿ ಇದ್ದದ್ದು ಒಂದೇ. ಅದರ ಚಕ್ರ ಬಿಚ್ಚಿ, ಒಡೆದು, ಒಲೆಗೆ ಹಾಕಿ ವಾರವಾಗಿತ್ತು.

ಅದು ಯುದ್ಧದಲ್ಲಿ ಸಿಕ್ಕಿದ ಫಿರಂಗಿ. ಸಣ್ಣದು, ನಾಲ್ಕು ಜನ ತಳ್ಳಿದರೆ ಹೊಲದಲ್ಲೂ ಹೋಗೋದು. ವೈರಿಗಳೂ ಅದನ್ನ ಇನ್ಯಾರಿಂದಲೋ ಕಿತ್ತುಕೊಂಡಿದ್ದರಂತೆ. ನಮ್ಮವರು ರಬ್ಬರ್ ಚಕ್ರ ಹಾಕಿದರು, ನಮ್ಮ ಗುಂಡು ಕೂರೋ ಹಾಗೆ ನಳಿಗೆಯೊಳಗೆ ಹೊಸ ಕೊಳವೆ ತೂರಿಸಿದರು, ಬಣ್ಣ ಬಳಿದರು. ನೆಲಕ್ಕೆ ಊರೋ ಹಿಂದಿನ ಕಾಲಿನ ಒಳಮೈಯಲ್ಲಿ ಮಾತ್ರ ಐದು ಹೆಸರು ಉಳಿದಿದ್ದವು. ಅದನ್ನ ಹಾರಿಸುತ್ತಿದ್ದ ಐದು ಜನ ವೈರಿಗಳು ಮೊಳೆಯಲ್ಲಿ ಗೀಚಿಕೊಂಡದ್ದು, ಅವರ ಭಾಷೆಯಲ್ಲಿ.

"ಪರೀಕ್ಷೆಯ ಗುಂಡು ಹಾರೋವರೆಗೂ ಹಳೇ ಹೆಸರು ಮುಟ್ಟಬಾರದು," ಅಂದಿದ್ದ ಮೇಸ್ತ್ರಿ. ಅಲ್ಲಿನ ಪದ್ಧತಿ ಅದು. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ಫಿಟ್ಟರನಿಗೆ ಮೈಯೆಲ್ಲ ಉರಿ. ಇಂಥದೇ ಫಿರಂಗಿ ಅವನ ಅಪ್ಪನನ್ನ ತಿಂದಿತ್ತು. ಈಗ ತಮ್ಮ, ಎಲ್ಲರ ಬಾಯಲ್ಲಿ ಲಂಬು, ಫಿರಂಗಿ ದಳಕ್ಕೆ ಸೇರಿ ಎರಡು ದಿನ. ಬೆಳಿಗ್ಗೆ ಇದರ ಹಗ್ಗ ಎಳೆದು ಮೊದಲ ಗುಂಡು ಹಾರಿಸೋನು ಅವನೇ. ಅಳಿಸಿದರೆ ಮೇಸ್ತ್ರಿ ಗಂಟೇನು ಹೋಗುತ್ತೆ ಅಂತ ಆ ಸಂಜೆ ಐದನೇ ಹೆಸರನ್ನ ಉಜ್ಜಿ ತೆಗೆದ. ಆ ಜಾಗದಲ್ಲೇ ಉಳಿ ಇಟ್ಟು ಲಂಬು ಅಂತ ಕೆತ್ತಿದ. ಉಳಿದ ನಾಲ್ಕನ್ನ ಆಮೇಲೆ ನೋಡಿಕೊಳ್ಳೋಣ ಅಂದುಕೊಂಡ.

"ಇನ್ಮೇಲೆ ನೀನು ನಮ್ಮನೆ ನಾಯಿ," ಅಂತ ಅದಕ್ಕೆ ಒದ್ದು ಬಂದಿದ್ದ.

ಈಗ ಬಾವಿ ಹತ್ತಿರ... ಚಕ್ರ ನಿಂತಿತು. ಖಟಕ್. ನಳಿಗೆಯ ಹಿಂಬಾಗಿಲು ತೆರೆದ ಸದ್ದು. ಆಮೇಲೆ ಪಿಸುಮಾತು. ಅಯ್ಯೋ, ಹಾಜರಿ ಕೂಗ್ತಿದ್ದಾರೆ!

ಒಂದು ಹೆಸರು... ಗೊಗ್ಗರು ದನಿಯಲ್ಲಿ ಒಂದು ಉತ್ತರ. ಎರಡು. ಮೂರು. ನಾಲ್ಕು. ಎಲ್ಲ ಆ ಭಾಷೆಯಲ್ಲೇ.

"ಲಂಬು."

"ಇದ್ದೀನಿ," ಅಂದಿತು ತಮ್ಮನ ದನಿ.

ಫಿಟ್ಟರ ಬಂದ ದಾರಿಗೇ ವರ್ಕ್‌ಶಾಪಿಗೆ ಓಡಿದ. ಗೇಟಿನಲ್ಲಿ ಕಾವಲುಗಾರ, "ಏನಯ್ಯಾ, ದೆವ್ವ ಮೆಟ್ಟಿಕೊಂಡಿತಾ?" ಅಂದ. ಫಿರಂಗಿ ಇಟ್ಟಲ್ಲೇ ಇತ್ತು, ರಬ್ಬರ್ ಚಕ್ರದ ಮೇಲೆ. ಅರ ಎತ್ತಿಕೊಂಡು ತಮ್ಮನ ಹೆಸರನ್ನ ಉಜ್ಜಿದ. ಕರ್... ಕರ್... ಕರ್... ಬೆರಳು ಸುಲಿದು ರಕ್ತ ಬಂದರೂ ಬಿಡಲಿಲ್ಲ. ಕಿವಿಯ ಪಕ್ಕದಲ್ಲೇ ಯಾರೋ ಉಸಿರಾಡುತ್ತಿದ್ದರು.

"ಬಿಡ್ರೋ ಅವನನ್ನ... ನನ್ನ ತಮ್ಮ ಕಣ್ರೋ," ಅಂತ ಅತ್ತೇಬಿಟ್ಟ.

ಕೊನೇ ಅಕ್ಷರ ಹೋಯಿತು. ಉಸಿರೂ ನಿಂತಿತು.

ಮನೆಗೆ ಬಂದರೆ ತಮ್ಮ ಹಾಸಿಗೆ ಮೇಲೆ ಎದ್ದು ಕೂತಿದ್ದ, ಎಡಗೈ ಕಿವಿಯ ಮೇಲೆ.

"ಲಂಬು... ಸರಿಯಿದ್ದೀಯೇನೋ?"

"ಜೋರಾಗಿ ಹೇಳಣ್ಣ. ಈ ಕಿವಿಗೆ ಏನೂ ಕೇಳಿಸ್ತಿಲ್ಲ."

ಬೆಳಿಗ್ಗೆ ಹಗ್ಗ ಎಳೆಯೋಕೆ ಬೇರೆಯವನನ್ನ ಕಳಿಸಿದರು. ಗುಂಡು ಸರಿಯಾಗೇ ಹಾರಿತು, ಯಾರಿಗೂ ಏನೂ ಆಗಲಿಲ್ಲ. ನಂಬಿಕೆ ಇಲ್ಲದಿದ್ರೆ ಹೋಗಿ ನೋಡಿ, ಲಂಬು ಇದ್ದಾನೆ. ಬಲಗಡೆ ನಿಂತು ಮಾತಾಡಿ. ನನ್ನ ಮಕ್ಕಳಾಣೆ, ಒಂದಕ್ಷರ ಕಟ್ಟಿದ್ದಲ್ಲ. ಆ ರಾತ್ರಿವರೆಗೆ ಒಂದೇ ಒಂದು ಗುಂಡು ಹಾರಿಸದ ಹುಡುಗ ಅವನು. ದಳದ ಡಾಕ್ಟರು ಅವನ ಕಿವಿಗೆ ಟಾರ್ಚು ಬಿಟ್ಟು ನೋಡಿ ಕೇಳಿದ್ದು ಇಷ್ಟೇ: "ಫಿರಂಗಿ ಪಕ್ಕ ನಿಲ್ಲೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತಪ್ಪಾ? ಹತ್ತಾ?"