ಬಿಡುವಿಲ್ಲದ ಹದಿನಾಲ್ಕು ಹಾಡು

ಇರ್ಬಿದ್ ಪಟ್ಟಣದ ಮೂಳೆ ಡಾಕ್ಟರ ಬಾಗಿಲ ಮುಂದೆ ನನ್ನ ಪಕ್ಕದಲ್ಲಿ ಇಬ್ಬರು ಕೂತಿದ್ದರು. ಊದಿದ ಮಂಡಿಯ ಅಬು ಗಾಲೆಬ್ ಮೊನ್ನೆಯಷ್ಟೇ ಮಗನ ಮದುವೆ ಮಾಡಿದವರು. ಅವರನ್ನು ಕರೆತಂದವನು ಆ ಮದುವೆಯಲ್ಲಿ ಕೀಬೋರ್ಡ್ ನುಡಿಸಿದ ನವ್ರಸ್. ಮೊದಲು ಬಾಯಿ ತೆರೆದವರು ಅಬು ಗಾಲೆಬ್.

“ಹಾಡು ಅಂದ್ಮೇಲೆ ಮುಗೀಬೇಕು ಕಣೋ!”

“ಮುಗಿಯುತ್ತೆ ಚಿಕ್ಕಪ್ಪ, ಆದ್ರೆ ಗೊತ್ತಾಗಲ್ಲ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿ ಸೀಕ್ವೆನ್ಸರ್ ಮಿಷನ್ನಿಗೆ ತುಂಬಿದ್ದೆ. ಬೆಸುಗೆ ಎಲ್ಲಿದೆ ಅಂತ ತಿಳೀತಾ?”

“ಮಂಡಿಗೆ ತಿಳೀತು. ಹನ್ನೊಂದು ಹಾಡು!”

“ಹದಿನಾಲ್ಕು.”

“ಕೈಕೈ ಹಿಡ್ಕೊಂಡು ಕುಣಿಯೋ ದಬ್ಕೆ ಸಾಲಲ್ಲಿ ಹಾಡಿನ ಮಧ್ಯೆ ಕೈ ಬಿಟ್ರೆ ಹೆಣ್ಣಿನ ಕಡೆಯೋರು ನಗಲ್ವಾ?”

“ಬೀಗರು ಅಬು ಶಾಹೆರ್ ಕೂಡ ಬಿಡಲಿಲ್ಲ.”

“ಅವನು ಬಿಡೋ ತನಕ ನಾನು ಹೆಂಗೆ ಬಿಡ್ಲಿ? ನಿಲ್ಸು ಅಂತ ನಿಂಗೆ ಕಣ್ಸನ್ನೆ ಮಾಡ್ದೆ.”

“ಖುಷೀಲಿದ್ದೀರಾ ಅಂದ್ಕೊಂಡು ವೇಗ ಏರಿಸ್ದೆ.”

“ಮದುವೆಯೂಟದ ಮನ್ಸಫ್ ಅನ್ನದ ಮೇಲೆ ತುಪ್ಪ ಹೆಪ್ಪುಗಟ್ತು. ನೀನು ಮಾತ್ರ ಕೀಬೋರ್ಡ್ ಮುಟ್ದೆ ಚಹಾ ಕುಡೀತಿದ್ದೆ!”

“ಮಿಷನ್ ತಾನೇ ನುಡಿಸುತ್ತಲ್ಲ.”

“ಯಾರೋ ಪುಣ್ಯಾತ್ಮ ವೈರು ಎಡವಿದ, ಬದುಕ್ಕೊಂಡೆ.”

ಅಷ್ಟರಲ್ಲಿ ಡಾಕ್ಟರ ಬಾಗಿಲು ತೆರೆಯಿತು. ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡ ಹಿರಿಯರೊಬ್ಬರು ಕುಂಟುತ್ತ ಹೊರಬಂದು, ಇವರನ್ನು ಕಂಡು ಥಟ್ಟನೆ ನೆಟ್ಟಗೆ ನಿಂತರು.

“ಅಬು ಗಾಲೆಬ್! ನೀವಿಲ್ಲಿ?”

ಅಬು ಗಾಲೆಬ್ ತಮ್ಮ ಊರುಗೋಲನ್ನು ನನ್ನ ಮಡಿಲಿಗೆ ತಳ್ಳಿ, ಹಲ್ಲು ಕಚ್ಚಿ ಎದ್ದರು.

“ನಂಗೇನಾಗಿದೆ ಬೀಗರೇ? ಇವನಿಗೆ ಬೆರಳು ನೋವಂತೆ, ಪಾಪ. ಅಷ್ಟು ಹೊತ್ತು ನುಡಿಸಿದಾನೆ ನೋಡಿ.”

ನವ್ರಸನ ಕತ್ತು ಹಿಡಿದು ಒಳಗೆ ನಡೆದೇಬಿಟ್ಟರು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಅಬು ಗಾಲೆಬರ “ಅಯ್ಯೋ” ಕೇಳಿಸಿತು. ಹೊರಗೆ ಅಬು ಶಾಹೆರ್ ನನ್ನ ಬಳಿ ಆ ಕೋಲನ್ನು ಎರವಲು ಕೇಳಿದರು.